ಕ್ಯಾಟ್‌ಫಿಶ್ ಬಿಳುಚಿದ್ದು ಯಾರ ಕಣ್ಣಿಗೆ?

ಭಾನುವಾರ ಮಧ್ಯಾಹ್ನ ನನ್ನ ದಿವಾನದ ಮೇಲೆ ಮಲಗುವ ಹಕ್ಕು ನನಗಿಲ್ಲ. ಹೊಸಕೆರೆಹಳ್ಳಿಯ ಈ ಮನೆ ನನ್ನದು, ಮೇಲಿನ ಬಾಡಿಗೆ ಮನೆಯೂ ನನ್ನದು, ದಿವಾನವನ್ನಂತೂ ಬಡಗಿಯ ಪಕ್ಕ ನಿಂತು ಮಾಡಿಸಿದ್ದೇನೆ. ಆದರೆ ಭಾನುವಾರ ಬಂತೆಂದರೆ ವಸಂತಪುರದಿಂದ ನನ್ನ ಹೆಂಡತಿಯ ತಮ್ಮ ಉಗ್ರಪ್ಪ ಬರುತ್ತಾನೆ. ಮದುವೆಯಿಲ್ಲದ ಒಂಟಿ ಜೀವ. ಮುದ್ದೆ ಸಾರು ಬಾರಿಸಿ (ಹೆಸರಿನ ಉಗ್ರತೆಯೆಲ್ಲ ಅಲ್ಲೇ ಖರ್ಚಾಗುತ್ತದೆ) ದಿವಾನದ ಮೇಲೆ ಅಡ್ಡಾಗುತ್ತಾನೆ. ಮನೆಯ ಯಜಮಾನನಾದ ನಾನು ಪ್ಲಾಸ್ಟಿಕ್ ಕುರ್ಚಿಯಲ್ಲಿ ತೂಕಡಿಸುತ್ತೇನೆ.

ಇಂಥ ಸಂಕಟದಲ್ಲಿ ನನಗೆ ಆಸರೆಯಾಗಿ ಕಂಡದ್ದು ಒಂದು ಮೀಸೆಯ ಮೀನು.

ಈಶಾನ್ಯ ಮೂಲೆಯಲ್ಲಿ ಅಕ್ವೇರಿಯಂ ಇಟ್ಟವಳು ನನ್ನಾಕೆ ಮುನಿವೆಂಕಟಮ್ಮ. "ಮನೆಗೆ ಬೀಳೋ ಕಣ್ಣೆಲ್ಲ ಮೀನು ಎಳ್ಕೊಳ್ತದೆ ಕಣ್ರೀ" ಎಂಬುದು ಅವಳ ಸಿದ್ಧಾಂತ. ಅದರಲ್ಲಿದ್ದ ಕ್ಯಾಟ್‌ಫಿಶ್ ಒಂದು ದಿನ ಕರಿ ಎಳ್ಳಿನ ಹಾಗೆ ಇದ್ದರೆ, ಇನ್ನೊಂದು ದಿನ ರವೆ ಗಂಜಿಯ ಹಾಗೆ ಬಿಳುಚಿಕೊಳ್ಳುತ್ತಿತ್ತು. ಜೆ.ಪಿ. ನಗರದ ಅಂಗಡಿಯವನನ್ನು ಕೇಳಿದೆ. "ಲೈಟಿಗೋ, ನೀರಿಗೋ, ಮೂಡಿಗೋ... ಗೊತ್ತಿಲ್ಲ ಸಾರ್. ತಿಂತಾ ಇದ್ಯಲ್ಲ, ಬಿಡಿ" ಅಂದ.

ಮುನಿವೆಂಕಟಮ್ಮನಿಗೆ ಮಾತ್ರ ಅನುಮಾನವೇ ಇರಲಿಲ್ಲ. ಒಮ್ಮೆ ಬಾಡಿಗೆಯವರ ಸೋದರತ್ತೆ ಬಂದು "ಮನೆ ಸಖತ್ತಾಗಿದೆ ಆಂಟಿ" ಅಂದಳು. ಸಂಜೆಗೆ ಮೀನು ಬಿಳುಚಿತು. ಆ ಸೋದರತ್ತೆಗೆ ನಮ್ಮ ಬಾಗಿಲು ಶಾಶ್ವತವಾಗಿ ಮುಚ್ಚಿತು.

ನಾನು ಆಗಲೇ ಎದ್ದು ಕೂತೆ. ಏಕೆಂದರೆ ಈ ವರ್ಣಾಂತರದ ಗುಟ್ಟನ್ನು ನಾನು ಭೇದಿಸಿದ್ದೆ. ವರಮಹಾಲಕ್ಷ್ಮಿ ಹಬ್ಬಕ್ಕೆ ತಂದ ಬಿಳಿ ಥರ್ಮಾಕೋಲ್ ಶೀಟನ್ನು ಗಾಜಿನ ಹಿಂದೆ ಒರಗಿಸಿದ್ದಾಗ ಮೀನು ಬಿಳುಚಿತ್ತು, ತೆಗೆದ ಮೇಲೆ ಕಪ್ಪಾಗಿತ್ತು.

ಮುಂದಿನ ಭಾನುವಾರ ಅವಳು ಮುದ್ದೆ ತೊಳಸುತ್ತಿದ್ದಾಗ ಶೀಟು ಸಿಕ್ಕಿಸಿದೆ. ಉಗ್ರಪ್ಪನ ಸ್ಕೂಟರ್ ಸದ್ದು ಕೇಳಿದ್ದೇ ತಡ, ಕಿತ್ತು ಬೀರುವಿನ ಹಿಂದೆ ತಳ್ಳಿದೆ. ಅವನು ಒಳಗೆ ಕಾಲಿಟ್ಟ ಮೇಲೆ ಕೂಗಿಕೊಂಡೆ.

"ಅಯ್ಯೋ, ಇಲ್ಲಿ ಬಾರೇ! ಬೆಳಿಗ್ಗೆ ಕರ್ರಗಿತ್ತು, ಈಗ ನೋಡು! ಈಗ ತಾನೆ ಯಾರು ಬಂದ್ರು ಹೇಳು?"

ಅವಳು ಸೌಟು ಹಿಡಿದೇ ಬಂದಳು. ಮೀನನ್ನು ನೋಡಿದಳು, ತಮ್ಮನನ್ನು ನೋಡಿದಳು.

"ನನ್ ತಮ್ಮಂಗೆ ಯಾರೋ ಕಣ್ಣು ಹಾಕವ್ರೆ ಕಣ್ರೀ! ಅದನ್ನ ಮೀನು ಎಳ್ಕೊಂಡದೆ!"

"ಅವತ್ತು ಆ ಸೋದರತ್ತೆ ಬಂದಾಗ..."

"ಅದು ಅವಳ ಕಣ್ಣು. ಇದು ಇವನ ಮೇಲೆ ಬಿದ್ದಿರೋ ಕಣ್ಣು. ಅಷ್ಟೂ ಗೊತ್ತಾಗಲ್ವಾ ನಿಮ್ಗೆ? ಉಗ್ರಾ, ಮೀನಿಗೆ ಮೊದಲಿನ ಬಣ್ಣ ಬರೋಗಂಟ ನೀನು ಇಲ್ಲೇ ಇರು."

"ಆಗ್ಲಕ್ಕ" ಅಂತ ಉಗ್ರಪ್ಪ ದಿವಾನದ ಮೇಲೆ ಕಾಲು ಚಾಚಿದ.

ನಾನು ಹೆದರಲಿಲ್ಲ. ಶೀಟು ತೆಗೆದಾಗಿದೆ, ಸಂಜೆಗೆ ಕಪ್ಪಾಗುತ್ತದೆ ಅಂದುಕೊಂಡೆ. ಸಂಜೆ ಬಂತು, ಸೋಮವಾರ ಬಂತು, ಆ ವಾರವೇ ಮುಗಿಯಿತು. ಮೀನು ರವೆ ಗಂಜಿಯಾಗಿಯೇ ಉಳಿಯಿತು. ಲೈಟು ಆರಿಸಿದೆ, ನೀರು ಬದಲಿಸಿದೆ, ಕೈ ಮುಗಿದೆ. ಅಂಗಡಿಯವನಿಗೆ ಫೋನ್ ಮಾಡಿದರೆ ಮತ್ತೆ "ಗೊತ್ತಿಲ್ಲ ಸಾರ್." ಈಗ ವಾರಪೂರ್ತಿ ನನಗೆ ಕುರ್ಚಿಯೇ ಗತಿಯಾಯಿತು. ನನಗೆ ಅಳು ಬರುವಂತಾಗಿತ್ತು.

ಬಿಳಿಗೆ ಬಿಳುಚಿದ್ದು ಕಪ್ಪಿಗೆ ಕಪ್ಪಾಗಲೇಬೇಕಲ್ಲ? ಶಬರಿಮಲೆಗೆ ಹೋಗುವಾಗ ಉಡುವ ಕಪ್ಪು ಪಂಚೆಯನ್ನು ತಂದು ಅಕ್ವೇರಿಯಂ ಸುತ್ತ ಕಟ್ಟತೊಡಗಿದೆ. ಗಂಟು ಹಾಕುತ್ತಿದ್ದಾಗಲೇ ಹಿಂದಿನಿಂದ ಬಳೆ ಸದ್ದು. ತಿರುಗಿದರೆ ಮುನಿವೆಂಕಟಮ್ಮ! ಸಿಕ್ಕಿಬಿದ್ದೆ, ನನ್ನ ಕಥೆ ಮುಗಿಯಿತು ಅಂದುಕೊಂಡೆ.

ಅವಳ ಕಣ್ಣು ತುಂಬಿತು.

"ಉಗ್ರಾ, ಎದ್ದು ನೋಡೋ! ನಿಂಗೆ ಬಿದ್ದಿರೋ ಕಣ್ಣು ಇಳೀಲಿ ಅಂತ ನಿಮ್ ಭಾವ ಸ್ವಾಮಿ ಪಂಚೆನೇ ತಂದು ಮೀನಿಗೆ ಕಟ್ತಾವ್ರೆ. ಇವ್ರಿಗೆ ನಿನ್ನ ಕಂಡ್ರೆ ಆಗಲ್ಲ ಅಂದ್ಕೊಂಡಿದ್ನಲ್ಲೋ, ನಾನೆಂಥ ಪಾಪಿ!"

ಉಗ್ರಪ್ಪ ದಿವಾನ ಬಿಟ್ಟು ತಾನಾಗಿಯೇ ಎದ್ದದ್ದನ್ನು ನಾನು ಅಂದೇ ಮೊದಲು ಕಂಡದ್ದು. ಬಂದವನೇ ನನ್ನ ಕಾಲು ಹಿಡಿದುಕೊಂಡ.

"ಭಾವ, ಇಂಥ ಪ್ರೀತಿ ಬಿಟ್ಟು ಆ ಖಾಲಿ ಮನೇಲಿ ನಾನ್ಯಾಕೆ ಒಬ್ನೇ ಇರ್ಲಿ? ವಸಂತಪುರದ ಮನೇನ ನಾಳೆನೇ ಬಾಡಿಗೆಗೆ ಕೊಟ್ಬಿಡ್ತೀನಿ."