ಎಲ್ಲರೂ ಮ್ಯಾನೇಜರುಗಳಾದ ಟ್ರಂಕಿನ ಅಂಗಡಿ

ನಿಜಾಮರ ಆಳ್ವಿಕೆ ಮುಗಿದ ಹೊಸತು. ವಾಡಿ ಸ್ಟೇಶನ್ನಿನ ಹೊರಗೆ ನನ್ನ ಸೋದರಮಾವನದೊಂದು ಟ್ರಂಕು ಮಾಡುವ ಅಂಗಡಿಯಿತ್ತು. ಅಷ್ಟು ಸಣ್ಣ ಜಾಗದಲ್ಲಿ ಅಷ್ಟು ಜನ ಮ್ಯಾನೇಜರುಗಳು ಇಡೀ ಹೈದರಾಬಾದ್ ರಾಜ್ಯದಲ್ಲಿ ಬೇರೆಲ್ಲೂ ಇರಲಿಲ್ಲವೆಂದು ಆಣೆ ಮಾಡಿ ಹೇಳಬಲ್ಲೆ. ಕೆಲಸಗಾರರು ಮೂವರು, ಮೂವರೂ ಮ್ಯಾನೇಜರುಗಳು. ಇದ್ದ ಒಬ್ಬನೇ ಕೂಲಿಯವನೆಂದರೆ ಮಾಲೀಕ.

ಶುರುವಾದದ್ದು ಬಣ್ಣ ಬಳಿಯುವ ಮುದುಕನಿಂದ. ಒಂದು ಬೆಳಿಗ್ಗೆ ಮಾವ ಅವನಿಗೆ ಕುರ್ಚಿ ಹಾಕಿಸಿ, "ಕಾಕಾ, ಇವತ್ತಿಂದ ನೀವು ಬಣ್ಣದ ಮ್ಯಾನೇಜರ್. ಬ್ರಷ್ ಹಿಡೀಬ್ಯಾಡ್ರಿ, ಬರೇ ಹೇಳ್ರಿ" ಎಂದ. ತಗಡು ಕತ್ತರಿಸುವವನು ಕತ್ತರಿ ಕೆಳಗಿಟ್ಟು, "ಹಂಗಾದ್ರ ನಾ ಏನು ಕತ್ತೆ ಕಾಯಾಂವ ಏನ್ರಿ?" ಎಂದ. ಅವನೂ ಮ್ಯಾನೇಜರಾದ. ಕೀಲು ಜಡಿಯುವವನು ಮಾವನ ಜೊತೆ ಮಾತು ಬಿಟ್ಟ. ಅವನೂ ಆದ.

"ಶಹಾಬಾದಿನ ಕಾರ್ಖಾನಿ ನೋಡು, ಕುಂತವರಿಂದನ ನಡೀತದ" ಎಂದು ಮಾವ ನನಗೆ ತಿಳಿಹೇಳಿದ. ಇಲ್ಲಿ ಮಾತ್ರ ಕುಂತವರ ನಡುವೆ ನಿಂತು ಸುತ್ತಿಗೆ ಬಡಿಯುವವನು ಅವನೇ! ಅತ್ತೆ ಮಾತ್ರ ಮೊದಲೇ ಹೇಳಿಬಿಟ್ಟಳು: "ನನಗ ಮ್ಯಾನೇಜರ್ ಮಾಡಬ್ಯಾಡ್ರಿ. ರೊಟ್ಟಿ ಯಾರು ಬಡೀಬೇಕು?"

ನಾಲವಾರದ ಒಕ್ಕಲಿಗನೊಬ್ಬ ಮಗಳ ಮದುವೆಗೆ ಟ್ರಂಕು ಬೇಕೆಂದು ಹೇಳಿ ಕಳಿಸಿದ್ದ. ಕೆಲಸ ಎಲ್ಲಿಗೆ ಬಂತೆಂದು ನೋಡಲು ಬಂದರೆ, ಚಿಲಕ ಎಲ್ಲಿರಬೇಕೆಂದು ಮೂವರೂ ಕುಳಿತು ವಾದಿಸುತ್ತಿದ್ದರು.

"ಮಾಲೀಕರು ಯಾರ್ರಿ?"

"ಅಗೋ, ಬೆವರಾಕತ್ತಾರಲ್ಲ, ಅವರ."

ಮದುವೆಯ ಟ್ರಂಕೆಂದು ಮುದುಕ ಹಟ ಹಿಡಿದು, ಮುಚ್ಚಳದ ಮೇಲೆ ಗಿಣಿಗಳನ್ನು ತಾನೇ ಬರೆದ. ಒಯ್ಯಲು ಬಂದ ಒಕ್ಕಲಿಗ ನೋಡುತ್ತಾನೆ: ಒಂದು ಗಿಣಿಗೆ ಬಾಲದ ಕಡೆ ಕೊಕ್ಕು, ಇನ್ನೊಂದು ಥೇಟ್ ಬದನೆಕಾಯಿ. ಅವನು ಬಾಯಿ ತೆರೆಯುವಷ್ಟರಲ್ಲಿ ಮಾವ ಕೈಹಿಡಿದು ಹೊರಗೆಳೆದ. ನಾನೂ ಹಿಂದೆ ಹೋದೆ.

"ಅವರ ಕಣ್ಣು ಹೋಗ್ಯಾವ್ರಿ," ಮಾವ ಮೆಲ್ಲಗೆ ಹೇಳಿದ. "ಹಿಂದ ಮುಂದ ಯಾರೂ ಇಲ್ಲ. ಪುಕ್ಕಟೆ ಕೊಟ್ರ ಉಣ್ಣಂಗಿಲ್ಲ. ಅದಕ್ಕ ಮ್ಯಾನೇಜರ್ ಮಾಡೀನಿ. ನಿಮಗ ಇನ್ನೊಂದು ಟ್ರಂಕು ಮಾಡಿಕೊಡ್ತೀನಿ. ಅವರ ಮುಂದ ಏನೂ ಅನಬ್ಯಾಡ್ರಿ."

ನಾನು ಇಷ್ಟು ದಿನ ನಕ್ಕಿದ್ದು ಯಾವುದಕ್ಕೆ ಎಂದು ಆಗ ತಿಳಿಯಿತು. ಒಕ್ಕಲಿಗ ಒಳಗೆ ಹೋದ. ಹೆಜ್ಜೆಯ ಸಪ್ಪಳದ ಕಡೆ ಮುಖ ತಿರುಗಿಸಿ ಮುದುಕ ಕೇಳಿದ:

"ಗಿಣಿ ಹೆಂಗ ಬಂದಾವ್ರಿ ಯಜಮಾನ್ರ?"

ಒಕ್ಕಲಿಗ ಅದೇ ಟ್ರಂಕನ್ನು ಹೆಗಲಿಗೆತ್ತಿಕೊಂಡ.

"ಭಾಳ ಅಂಜಿಕಿ ಆಗ್ಯದ್ರಿ ಕಾಕಾ. ರೈಲಿನ ಕಿಡಕಿ ತೆರೆದಿರ್ತದ. ಹಾರಿ ಹೋದ್ರ ಮಗಳಿಗಿ ಏನು ಹೇಳ್ಲಿ?"