ತಳ ಬೋಳಾದ ತಟ್ಟೆಯ ವಿಚಾರ

'ನಮ್ಮ ನಗರಗಳು, ನಮ್ಮ ಹೆಮ್ಮೆ' ಎಂಬ ಊಟದ ಸೆಟ್ಟಿನ ತಯಾರಕರಿಗೆ,

ಮಾನ್ಯರೇ,

ಸ್ಟೋಕ್ ನಗರದ ಒಬ್ಬ ಗೃಹಿಣಿಯ ನಮಸ್ಕಾರಗಳನ್ನು ತಾವು ಎಲ್ಲಿದ್ದೀರೋ ಅಲ್ಲಿಯೇ ಸ್ವೀಕರಿಸಬೇಕು. ತಾವು ಎಲ್ಲಿದ್ದೀರಿ ಎಂಬುದನ್ನು ತಮ್ಮ ತಟ್ಟೆಗಳು ಬಾಯಿಬಿಡದ ಕಾರಣ, ಈ ಪತ್ರವನ್ನು ನಮ್ಮೂರ ಪತ್ರಿಕೆಯಲ್ಲೇ ಅಚ್ಚು ಹಾಕಿಸುತ್ತಿದ್ದೇನೆ.

ಮೊದಲು ತಮ್ಮ ಕಲೆಗೆ ತಲೆಬಾಗುತ್ತೇನೆ. ಇಡೀ ದೇಶದ ಕೀರ್ತಿಯನ್ನು ಒಂದು ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿಸಿದ್ದೀರಿ. ನಾಟಿಂಗ್‌ಹ್ಯಾಮಿನ ಲೇಸು, ಯಾರ್ಕಿನ ಚಾಕಲೇಟು, ಬಾತ್ ನಗರದ ಬಿಸಿನೀರಿನ ಬುಗ್ಗೆ, ಎಲ್ಲವೂ ತಟ್ಟೆಗೊಂದರಂತೆ ಮೂಡಿವೆ. ಮ್ಯಾಂಚೆಸ್ಟರಿನ ಮಳೆಯಂತೂ ಎಷ್ಟು ಸೊಗಸಾಗಿ ಬಂದಿದೆಯೆಂದರೆ, ನನ್ನ ಗಂಡ ನೆವಿಲ್ ಹನಿಗಳನ್ನು ಒರೆಸಲು ಹೋಗಿ ಸುಸ್ತಾದರು. ನಮ್ಮ ಸ್ಟೋಕ್ ತಟ್ಟೆಯ ಮೇಲೆ ಪಿಂಗಾಣಿ ಸುಡುವ ಡೊಳ್ಳುಹೊಟ್ಟೆಯ ಆವಿಗೆ, 'ಜಗತ್ತಿಗೇ ತಟ್ಟೆ ಕೊಟ್ಟ ಊರು' ಎಂಬ ಚಿನ್ನದ ಅಕ್ಷರ. ಓದಿ ನನ್ನ ಎದೆ ಉಬ್ಬಿತು.

ನಮ್ಮೂರಿನವರಿಗೆ ಒಂದು ಚಾಳಿಯಿದೆ. ನೆಂಟರ ಮನೆಗೆ ಹೋಗಲಿ, ಹೋಟೆಲಿಗೆ ಹೋಗಲಿ, ಕಡೆಗೆ ಸಾವಿನ ಮನೆಯಲ್ಲಿ ಚಹಾ ಕೊಟ್ಟರೂ ಸರಿ, ಮೊದಲು ಪಿಂಗಾಣಿಯನ್ನು ಎತ್ತಿ ತಳ ನೋಡುತ್ತೇವೆ. ನಮ್ಮೂರ ಕಾರ್ಖಾನೆಯ ಮುದ್ರೆ ಕಂಡರೆ ಊಟ ರುಚಿಸುತ್ತದೆ. ನನ್ನ ತಾಯಿ ಬದುಕಿಡೀ ಆ ಕಾರ್ಖಾನೆಯಲ್ಲಿ ಚಹಾ ಕಪ್ಪುಗಳಿಗೆ ಹಿಡಿ ಅಂಟಿಸಿದವರು. ನಾನು ತಳ ನೋಡುವುದು ಅವರನ್ನು ಹುಡುಕುವುದಕ್ಕೆ, ಸ್ವಾಮೀ.

ಇದೇ ಚಾಳಿಯಿಂದ ನನ್ನ ಮಗಳು ಲಿಂಡ್ಸಿಗೆ ಬಂದಿದ್ದ ಬರ್ಮಿಂಗ್‌ಹ್ಯಾಮಿನ ಸಂಬಂಧ ಮುರಿದುಬಿತ್ತು. ಬೀಗಿತ್ತಿಯಾಗಬೇಕಿದ್ದವರ ಸಾಸರನ್ನು ಅವರೆದುರೇ ಎತ್ತಿ ನೋಡಿ, ಬರೀ "ಓಹೋ" ಎಂದಿದ್ದೆ. ಆದ್ದರಿಂದ ಈ ಸಲ ಶೆಫೀಲ್ಡಿನ ಹುಡುಗನ ತಂದೆತಾಯಿ ಭಾನುವಾರದ ಊಟಕ್ಕೆ ಬರುವರೆಂದಾಗ, ತಮ್ಮ ಸೆಟ್ಟನ್ನು ತರಿಸಿದವಳೂ, ನನ್ನ ಕೈಗೆ ಸಿಗದಂತೆ ತೊಳೆದವಳೂ ಮೇಜಿಗೆ ಜೋಡಿಸಿದವಳೂ ಲಿಂಡ್ಸಿಯೇ. ನನ್ನನ್ನು ಅಡುಗೆಮನೆಯಲ್ಲಿ ತಡೆದು ನಿಲ್ಲಿಸಿ, "ಅಮ್ಮಾ, ನಿನ್ ಕಾಲಿಗ್ ಬೀಳ್ತೀನಿ, ಇವತ್ತೊಂದಿನ ತಟ್ಟೆ ತಿರುಗಿಸ್ಬೇಡ ಕಣೇ. ಈ ಹುಡುಗ ನಂಗೆ ಬೇಕು," ಎಂದಳು. ಅವಳ ಕಣ್ಣು ತುಂಬಿತ್ತು. ನಾನು ಮಾತು ಕೊಟ್ಟೆ.

ಕೊಟ್ಟ ಮಾತನ್ನು ಹುರಿದ ಗೋಮಾಂಸ ಬಡಿಸುವವರೆಗೂ ಉಳಿಸಿಕೊಂಡೆ. ಅಷ್ಟರಲ್ಲಿ ಹುಡುಗನ ತಂದೆ, ಬದುಕಿಡೀ ಚಾಕು ಕತ್ತರಿಗಳಿಗೆ ಸಾಣೆ ಹಿಡಿದ ಕ್ಲಿಫ್ ಸ್ಟಾನಿಫರ್ತ್ ಅವರು, 'ಶೆಫೀಲ್ಡಿನ ಉಕ್ಕು, ಲೋಕಕ್ಕೇ ಮಿಕ್ಕು' ಎಂದು ಹಿಡಿಯ ಮೇಲೆ ಬರೆದ ಇದೇ ಸೆಟ್ಟಿನ ಚಾಕುವನ್ನು ಕಣ್ಣಿನ ಹತ್ತಿರ ಹಿಡಿದು, ಅಲಗಿನ ಎರಡೂ ಬದಿ ನೋಡಿದರು. ಅವರ ಹೆಂಡತಿ ಮೇಜಿನಡಿ ಒದ್ದು, "ರೀ, ಆಣೆ ಮಾಡಿದ್ರಲ್ವಾ! ಇಡ್ರಿ ಕೆಳಗೆ!" ಎಂದು ಪಿಸುಗುಟ್ಟಿದ್ದು ಎಲ್ಲರಿಗೂ ಕೇಳಿಸಿತು.

ಮಾನ್ಯರೇ, ಆ ಕ್ಷಣದಲ್ಲಿ ನನ್ನ ಕೈ ನನ್ನದಾಗಿ ಉಳಿಯಲಿಲ್ಲ. ಮಾಂಸ, ಆಲೂಗಡ್ಡೆ, ಗ್ರೇವಿ ಎಲ್ಲ ಇದ್ದ ತಟ್ಟೆಯನ್ನು ತಲೆಯ ಮೇಲೆತ್ತಿ ತಳ ನೋಡಿದೆ. ಗ್ರೇವಿ ನನ್ನ ಹೊಸ ರವಿಕೆಯ ತೋಳಿನೊಳಗೆ ಇಳಿಯಿತು. ಲಿಂಡ್ಸಿ ಮುಖ ಮುಚ್ಚಿಕೊಂಡಳು. ತಳದಲ್ಲಿ ಊರಿಲ್ಲ, ಹೆಸರಿಲ್ಲ, ಒಂದು ಚುಕ್ಕೆಯೂ ಇಲ್ಲ!

ಕ್ಲಿಫ್ ಅವರು ಮೆಲ್ಲಗೆ ಕೇಳಿದರು, "ಏನಾದ್ರೂ ಬರ್ದಿದ್ಯೇನಮ್ಮಾ?"

"ಬೋಳು," ಎಂದೆ.

"ಇದೂ ಬೋಳೇ ಕಣಮ್ಮಾ," ಎಂದು ಅವರು ಚಾಕುವನ್ನು ಹೆಣದಂತೆ ಮೇಜಿನ ಮೇಲೆ ಮಲಗಿಸಿದರು.

ಆಮೇಲೆ ನಡೆದದ್ದಕ್ಕೆ ತಮಗೆ ಎಷ್ಟು ಕೃತಜ್ಞತೆ ಹೇಳಿದರೂ ಸಾಲದು. ಎರಡು ಮನೆತನಗಳು ಒಂದೇ ಬಾಯಿಂದ ತಯಾರಕರಾದ ತಮ್ಮನ್ನು ಬೈದವು. ಬೈಯುತ್ತ ಬೈಯುತ್ತ ನಾನು ತಾಯಿಯ ಕಾಲದ ತಟ್ಟೆಗಳನ್ನು ಕೆಳಗಿಳಿಸಿದೆ, ಕ್ಲಿಫ್ ಜೇಬಿನ ಚಾಕು ಬಿಚ್ಚಿ ಎಲ್ಲರಿಗೂ ಮಾಂಸ ಕೊಯ್ದರು. ಪುಡಿಂಗ್ ಬರುವಷ್ಟರಲ್ಲಿ ಮದುವೆಯ ದಿನ ಗೊತ್ತಾಯಿತು. ಸಾಚಾ ಸಾಮಾನು ಕಳಿಸಿದ್ದರೆ ನಾವು ಮರ್ಯಾದೆಯಿಂದ ಉಂಡು, ಅಪರಿಚಿತರಾಗಿಯೇ ಎದ್ದು ಹೋಗುತ್ತಿದ್ದೆವು.

ಈ ಉಪಕಾರದ ಧೈರ್ಯದಿಂದ ಕೆಲವು ವಿನಂತಿಗಳು. ಬಾತ್ ನಗರದ ತಟ್ಟೆ ತಾನಾಗಿಯೇ ಬಿಸಿಯಾಗಿರುವಂತೆ ಮಾಡಿಕೊಡಿ. ಮ್ಯಾಂಚೆಸ್ಟರಿನದು ಊಟವಾದ ಮೇಲೆ ತನ್ನ ಮಳೆಯಲ್ಲೇ ತೊಳೆದುಕೊಳ್ಳಲಿ. ಸ್ಟೋಕ್ ತಟ್ಟೆಯನ್ನು ತಲೆಕೆಳಗಾಗಿ ಹಿಡಿದರೂ ಗ್ರೇವಿ ಚೆಲ್ಲಬಾರದು. ಇದ್ಯಾವುದೂ ಆಗದಿದ್ದರೆ, ತಳದಲ್ಲಿ ತಮ್ಮ ಊರಿನ ಹೆಸರನ್ನಾದರೂ ಬರೆಯಿರಿ. ಅದು ಯಾವ ಊರಾದರೂ ಸರಿ, ಅಲ್ಲಿಯೂ ಯಾರದೋ ತಾಯಿ ಆ ತಟ್ಟೆಗಾಗಿ ಕೈ ಸವೆಸಿರುತ್ತಾಳೆ.

ಮದುವೆಗೆ ತಾವು ಅಗತ್ಯವಾಗಿ ಬರಬೇಕು. ವಿಳಾಸವಿಲ್ಲದ್ದರಿಂದ ಇದನ್ನೇ ಆಮಂತ್ರಣವೆಂದು ತಿಳಿಯುವುದು.

ಎಲ್ಲೋ ಇರುವ ತಮ್ಮ, ಇಲ್ಲಿಯೇ ಇರುವ ವಿಶ್ವಾಸಿ,
ಬೆರಿಲ್ ಬ್ರಿಂಡ್ಲಿ, ಸ್ಟೋಕ್

ಮರೆತ ಮಾತು: ಓದಿಯಾದ ಮೇಲೆ ಈ ಪತ್ರಿಕೆಯನ್ನು ತಿರುಗಿಸಿ, ಕೊನೆಯ ಪುಟದ ಅಡಿಯನ್ನು ನೋಡಿ. ಯಾರು ಅಚ್ಚು ಹಾಕಿದರು, ಯಾವ ಊರಿನಲ್ಲಿ ಎಂದು ಬರೆದಿದೆ. ನಾಳೆ ಹಳೆಯ ಬೂಟಿನೊಳಗೆ ತುರುಕುವ ಕಾಗದಕ್ಕೂ ಅಷ್ಟು ಮಾನವಿದೆ.