ದೊಡ್ಡಮ್ಮನ ಮೂತ್ರಪಿಂಡದ ಮೇಲಿನ ಕೈ

ದೊಡ್ಡಮ್ಮನ ಮೂತ್ರಪಿಂಡದ ಫೋಟೋದಲ್ಲಿ ಶಿವನ ಕೈ ಮೂಡಿತ್ತೆಂದು ಚಿಕ್ಕಂದಿನಲ್ಲಿ ಕೇಳಿದ್ದೆ. ಚಾಮರಾಜನಗರದ ನಮ್ಮ ಮನೆಯಲ್ಲಿ ಹೇಳುವಾಗ ಬರಿಯ ಐದು ಬೆರಳು; ಗುಂಡ್ಲುಪೇಟೆಯ ದೊಡ್ಡಪ್ಪನ ಮನೆಯಲ್ಲಿ ಹೇಳುವಾಗ ಬೆರಳುಗಳ ಸುತ್ತ ಬೆಳಕೂ ಇತ್ತು. ಶಿವನು ಕೈಯೊಂದನ್ನೇ ಏಕೆ ಕಳಿಸಿದನೆಂದು ಕೇಳಿದ್ದಕ್ಕೆ ಅಮ್ಮ ನನ್ನನ್ನು ನೀರು ತರಲು ಕಳಿಸಿದಳು. ಕಾಯಿಲೆ ಹೊಕ್ಕ ಮನೆಯಲ್ಲಿ ನಗುವಂಥವು ನಡೆಯುತ್ತಲೇ ಇರುತ್ತವೆ. ನಗುವವರು ಮಾತ್ರ ಇರುವುದಿಲ್ಲ.

ದೊಡ್ಡಮ್ಮನಿಗೆ ಎಡಪಕ್ಕೆಯಲ್ಲಿ ನೋವು. ಒಳಗೆ ಕಲ್ಲಿದೆಯೇ ಎಂದು ತಿಳಿಯದೆ ಕೊಯ್ಯುವಂತಿಲ್ಲ, ತಡವಾದರೆ ಜೀವಕ್ಕೇ ಕುತ್ತು ಎಂದಿದ್ದರು ಮೈಸೂರಿನ ಡಾಕ್ಟರು. ರಕ್ತಕ್ಕೆ ಔಷಧಿ ಚುಚ್ಚಿ, ಅದು ಮೂತ್ರಪಿಂಡಕ್ಕೆ ಇಳಿಯುವ ಹೊತ್ತಿಗೆ ಎಕ್ಸ್‌ರೇ ತೆಗೆಯಬೇಕಾಗಿತ್ತು.

೧. ಹರಳೆಣ್ಣೆ

"ಹಿಂದಿನ ಸಂಜೆ ಹರಳೆಣ್ಣೆ ತೆಗೆದುಕೊಳ್ಳಬೇಕು" ಎಂದು ಆಸ್ಪತ್ರೆಯ ಚೀಟಿಯಲ್ಲಿತ್ತು. ರಜೆಗೆಂದು ಗುಂಡ್ಲುಪೇಟೆಗೆ ಹೋಗಿದ್ದ ನಾನೇ ಅದನ್ನು ಓದಿ ಹೇಳಿದವಳು. ಜೊತೆಗೆ ಕೊಟ್ಟಿದ್ದ ಪುಟ್ಟ ಶೀಸೆಯನ್ನು ದೊಡ್ಡಮ್ಮ ತಿರುಗಿಸಿ ನೋಡಿದರು.

"ಇದು ನನ್ ತಲೆಗೆ ಯಾವ ಮೂಲೆಗಾದದು ಕಣಮ್ಮಿ? ಆ ಡಾಕ್ಟ್ರಿಗೆ ಕೂದ್ಲೇ ಇಲ್ಲ, ಗೊತ್ತಾಗಕಿಲ್ಲ ಬುಡು."

ಮನೆಯ ಎಣ್ಣೆಯನ್ನೂ ಸೇರಿಸಿ ನೆತ್ತಿಗೆ ತಟ್ಟಿಸಿಕೊಂಡು, ಸೀಗೆಕಾಯಿ ಹಾಕಿ ಮಿಂದರು. ಮರುದಿನ ಹೊಟ್ಟೆಯ ಮೊದಲ ಚಿತ್ರ ನೋಡಿದ ಡಾಕ್ಟರು, ಕರುಳು ಖಾಲಿಯಾಗಿಲ್ಲ, ಏನೂ ಕಾಣಿಸುತ್ತಿಲ್ಲ ಎಂದರಂತೆ.

"ಎಣ್ಣೆ ತೆಗೆದುಕೊಂಡಿರಾ?"

"ತಕ್ಕಂಡು, ಸೀಗೆನೂ ಉಜ್ಜಿವ್ನಿ. ಬೇಕಾದ್ರೆ ಮೂಸಿ ನೋಡಿ."

ಶುದ್ಧವಾಗಬೇಕಾದದ್ದು ಹೊಟ್ಟೆ, ಶುದ್ಧವಾದದ್ದು ತಲೆ. ಮುಂದಿನ ಸರದಿ ಮೂರು ವಾರಕ್ಕೆ ಸಿಕ್ಕಿತು. ನೋವು ಮಾತ್ರ ಸರದಿ ಕೇಳದೆ ದಿನವೂ ಬಂತು.

೨. ನೀರಲ್ಲದ ನೀರು

ಎರಡನೆಯ ಸಲ ಎಣ್ಣೆ ಹೊಟ್ಟೆಗೇ ಹೋಯಿತು. ಆದರೆ ನೀರು ಕುಡಿದರೆ ಔಷಧಿ ತೆಳುವಾಗಿ ಚಿತ್ರ ಮಸುಕಾಗುತ್ತದೆಂದು ಎಚ್ಚರಿಸಿದ್ದರು. ಮುಂದಿನದನ್ನು ನಾನು ದೊಡ್ಡಪ್ಪನ ಬಾಯಿಂದಲೇ ಕೇಳಿದ್ದೇನೆ.

"ನೀರು ಕುಡಿದಿರಾ?" ಎಂದಳು ನರ್ಸ್.

"ಶಿವನಾಣೆ, ಒಂದ್ ತೊಟ್ಟೂ ಇಲ್ಲ" ಎಂದರು ದೊಡ್ಡಮ್ಮ.

ದೊಡ್ಡಪ್ಪನಿಗೆ ಸುಮ್ಮನಿರಲಾಗಲಿಲ್ಲ. "ಪಾದೋದಕ ತಕ್ಕಂಡವ್ಳೆ. ಅದು ನೀರಲ್ಲ ಕಣಮ್ಮ, ಲಿಂಗ ತೊಳೆದ ತೀರ್ಥ."

"ಎಷ್ಟು?"

"ದಿನಾ ಮೂರು ಚಮಚ. ಇವತ್ತು ಭಯ ನೋಡು, ಒಂದ್ ಚೊಂಬು."

ನರ್ಸ್ ಒಳಗೆ ಕೇಳಿಕೊಂಡು ಬಂದಳು. "ಮಧ್ಯಾಹ್ನದವರೆಗೆ ಕೂತಿರಿ. ತೀರ್ಥ ನೀರಾಗಿ ಇಳಿಯಲಿ."

೩. ಕೈ

ಮಧ್ಯಾಹ್ನ ಒಳಗೆ ಕರೆದು, ಮೈಮೇಲೆ ಲೋಹ ಇರಬಾರದೆಂದಾಗ ದೊಡ್ಡಮ್ಮ ಬಳೆ, ತಾಳಿ, ಕೊನೆಗೆ ಬೆಳ್ಳಿಯ ಕರಡಿಗೆಯನ್ನೂ ಬಿಚ್ಚಿಕೊಟ್ಟರು. ಅದರೊಳಗಿನ ಇಷ್ಟಲಿಂಗವನ್ನು ಮಾತ್ರ ಕೊಡಲಿಲ್ಲ. "ಇದು ಮೈಬುಟ್ರೆ ನಾನು ಸತ್ತಂಗೇ ಕಣಪ್ಪ." ಎಕ್ಸ್‌ರೇಯವನು ಸೋತು, ಕೈಯಲ್ಲಿ ಹಿಡಿದುಕೊಳ್ಳಿ, ಕೈ ದೂರವಿರಲಿ ಎಂದ. ಔಷಧಿ ಏರಿದಾಗ ಮೈಯೆಲ್ಲ ಕಾದ ಹೆಂಚಾಯಿತೆಂದು ದೊಡ್ಡಮ್ಮ ಆಮೇಲೆ ಹೇಳುತ್ತಿದ್ದರು.

ಡಾಕ್ಟರು ನೋಡಿ ಹೊರಗೆ ಕಳಿಸಿದ ಫಿಲ್ಮನ್ನು ಜವಾನ ಒಯ್ಯುತ್ತಿದ್ದ. ದೊಡ್ಡಪ್ಪ ತಡೆದು ಬೆಳಕಿಗೆ ಹಿಡಿದರು. ಎಡಪಕ್ಕೆಯ ಮೇಲೆ ಐದು ಬೆರಳು. ಅಲ್ಲೇ ನೆಲಕ್ಕೆ ಅಡ್ಡಬಿದ್ದರು.

"ಅಪ್ಪ ಕೈ ಮಡಗ್ಬುಟ್ಟವ್ನೆ. ಇನ್ಯಾಕೆ ಡಾಕ್ಟ್ರು? ನಡಿ, ಓಗನ."

ಜವಾನನನ್ನು ಕಾಡಿ ಬೇಡಿ ಫಿಲ್ಮು ಪಡೆದು, ಯಾರಿಗೂ ಹೇಳದೆ ಇಬ್ಬರೂ ಗುಂಡ್ಲುಪೇಟೆಯ ಬಸ್ಸು ಹತ್ತಿದರು. ಫಿಲ್ಮಿಗೆ ಗಾಜಿಲ್ಲದ ಕಟ್ಟು ಹಾಕಿಸಿ ಪೂಜೆಯ ಗೂಡಿನಲ್ಲಿಟ್ಟರು. ದಿನವೂ ವಿಭೂತಿ ಹಚ್ಚಿದರು. ಅದರೆದುರೇ ದೊಡ್ಡಮ್ಮ ಎರಡು ವರ್ಷ ಪಕ್ಕೆ ಹಿಡಿದುಕೊಂಡು ನರಳಿ ತೀರಿಕೊಂಡರು. ಶಿವ ಕೈ ತೆಗೆದುಬಿಟ್ಟ ಎಂದರು ದೊಡ್ಡಪ್ಪ.

ಕಾಲೇಜು ಸೇರಿದ ಮೇಲೆ ಒಂದು ರಜೆಯಲ್ಲಿ, ದೊಡ್ಡಪ್ಪ ಮಂಡಿಗೆ ಹೋಗಿದ್ದಾಗ, ನಾನು ಆ ಫಿಲ್ಮನ್ನು ಕಟ್ಟಿನಿಂದ ಬಿಡಿಸಿ ಕಿಟಕಿಗೆ ಹಿಡಿದೆ. ಬೆರಳುಗಳು ದುಂಡಗಿನ ಏನನ್ನೋ ಅವಚಿಕೊಂಡು, ನೋವಿದ್ದ ಜಾಗವನ್ನೇ ಒತ್ತಿದ್ದವು. ಮೂಲೆಯಲ್ಲಿ ಗಟ್ಟಿಯಾಗಿದ್ದ ವಿಭೂತಿಯನ್ನು ಒದ್ದೆ ಬಟ್ಟೆಯಿಂದ ಒರೆಸಿದೆ. ಕೆಳಗೆ ಡಾಕ್ಟರು ಇಂಗ್ಲಿಷಿನಲ್ಲಿ ಬರೆದದ್ದಿತ್ತು. ದೊಡ್ಡಪ್ಪನಿಗೆ ಇಂಗ್ಲಿಷು ಬಾರದು. ಎರಡು ಸಲ ಓದಿ ಖಚಿತಮಾಡಿಕೊಂಡೆ: "ರೋಗಿಯ ಕೈ ಅಡ್ಡ ಬಂದಿದೆ. ಸರಿಸಿ, ಇನ್ನೊಂದು ತೆಗೆಯಿರಿ."